ಬ್ರೇಕ್ ಮೇಷ್ಟ್ರ ಮುಂದಾಲೋಚನೆ ಯಂತ್ರ

ಬ್ರೇಕ್ ಮೇಷ್ಟ್ರು ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಅವರು ಕಾರು ಕಲಿಸುವ ಮೇಷ್ಟ್ರು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಇರುವ ಬ್ರೇಕಿನ ಜೊತೆಗೆ, ಪಕ್ಕದ ಸೀಟಿನ ಮೇಷ್ಟ್ರ ಕಾಲ ಬಳಿಯೂ ಇನ್ನೊಂದು ಬ್ರೇಕು ಇರುತ್ತದೆ, ಆಪತ್ತಿಗೆ ಒದಗಲಿ ಎಂದು. ಬೇರೆ ಮೇಷ್ಟ್ರುಗಳು ಅದನ್ನು ಆಪತ್ತು ಬಂದಾಗ ಒತ್ತುತ್ತಾರೆ. ನಮ್ಮ ಮೇಷ್ಟ್ರು ಆಪತ್ತು ತನ್ನ ಮನೆಯಿಂದ ಹೊರಡುವ ಮುಂಚೆಯೇ ಒತ್ತುತ್ತಿದ್ದರು. ದೂರದಲ್ಲಿ ಮಲಗಿದ್ದ ನಾಯಿ ಎದ್ದು ಮೈ ಕೊಡವಿದರೆ ಸಾಕು, ಕಾರು ನಿಲ್ಲುತ್ತಿತ್ತು. ಆ ನಾಯಿಗೆ, ಪಾಪ, ರಸ್ತೆ ದಾಟುವ ಯೋಚನೆಯೇ ಇರುತ್ತಿರಲಿಲ್ಲ.

ಹೀಗಾಗಿ ಅವರ ಹತ್ತಿರ ಕಲಿತವರಿಗೆ ಸ್ಟಿಯರಿಂಗ್ ಬರುತ್ತಿತ್ತು, ಗೇರು ಬರುತ್ತಿತ್ತು, ಬ್ರೇಕು ಮಾತ್ರ ಬರುತ್ತಿರಲಿಲ್ಲ. ಬರುವುದಾದರೂ ಹೇಗೆ? ಅವರ ಕಾಲು ಬ್ರೇಕಿನ ಕಡೆ ಹೊರಡುವಷ್ಟರಲ್ಲಿ ಮೇಷ್ಟ್ರ ಕಾಲು ಕೆಲಸ ಮುಗಿಸಿ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು. ಪರೀಕ್ಷೆಯ ದಿನ ಪಕ್ಕದಲ್ಲಿ ಇನ್ಸ್‌ಪೆಕ್ಟರು ಕೂತಾಗ ಇವರು, ಕಾರು ಎಂಬುದು ತಾನಾಗಿಯೇ ನಿಲ್ಲುವ ವಸ್ತು ಎಂದು ನಂಬಿಕೊಂಡು, ಆರಾಮವಾಗಿ ಹೋಗುತ್ತಲೇ ಇರುತ್ತಿದ್ದರು. ಇನ್ಸ್‌ಪೆಕ್ಟರು ಕಿರುಚುತ್ತಿದ್ದರು.

ಇದಕ್ಕೆ ದೊಡ್ಡ ಸಾಕ್ಷಿ ಮನೆಯಲ್ಲೇ ಇತ್ತು. ಮೇಷ್ಟ್ರ ಹೆಂಡತಿ ಪರೀಕ್ಷೆಗೆ ಹೋಗಿ ಹೋಗಿ ಫೇಲಾಗಿದ್ದಳು. ಊರಿಗೆಲ್ಲ ಕಾರು ಕಲಿಸುವವರ ಹೆಂಡತಿಗೇ ಲೈಸೆನ್ಸ್ ಇಲ್ಲ ಎಂದರೆ ಜನ ಬಾಯಿ ಮುಚ್ಚಿಕೊಂಡು ಇರುತ್ತಾರೆಯೇ? ಪಕ್ಕದ ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುವವರಿಗೆಲ್ಲ ಇದೇ ಮಾತು. ಜನರ ಮಾತನ್ನು ಆಕೆ ಕಿವಿಗೆ ಹಾಕಿಕೊಳ್ಳುವವಳಲ್ಲ. ಆದರೆ ಈಗ ಒಂದು ಕೆಲಸ ಎದುರಿಗೆ ಬಂದು ನಿಂತಿತ್ತು.

ಬೀದಿಯ ಮೂಲೆಯಲ್ಲಿ ಬೇಕರಿ. ಅದನ್ನು ನಡೆಸುವ ಬೇಕರಿಯಮ್ಮನಿಗೆ ಮಾತು ಕಡಿಮೆ, ಇದ್ದದ್ದೂ ಖಡಕ್. "ನನ್ನ ವ್ಯಾನಿನ ಡ್ರೈವರು ಕೆಲಸ ಬಿಡ್ತಾ ಇದ್ದಾನೆ" ಎಂದು ಆಕೆ ಮೇಷ್ಟ್ರ ಹೆಂಡತಿಯನ್ನು ಕರೆದು ಹೇಳಿದ್ದಳು. "ಬೆಳಿಗ್ಗೆ ಅಂಗಡಿ ಅಂಗಡಿಗೆ ಬ್ರೆಡ್ ಹಾಕಬೇಕು. ಕೈ ಬಾಯಿ ಶುದ್ಧ ಇರೋರು ಬೇಕು, ನೀನಿದೀಯ. ತಿಂಗಳ ಕೊನೆಯೊಳಗೆ ಲೈಸೆನ್ಸ್ ತಗೊಂಡು ಬಾ, ಕೀಲಿ ತಗೊಂಡು ಹೋಗು. ತರದಿದ್ರೆ ಬೇರೆಯವರನ್ನ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡ."

ಅಂದಿನಿಂದ ಮೇಷ್ಟ್ರ ಹೆಂಡತಿಗೆ ಆ ವ್ಯಾನು ಬಿಟ್ಟು ಬೇರೆ ಕಾಣುತ್ತಿರಲಿಲ್ಲ. ಸ್ಕೂಲಿನ ಫೋನು ಎತ್ತಿ, ನೆಲ ಗುಡಿಸಿ, ಗಂಡನ ಶಿಷ್ಯರ ಗೋಳು ಕೇಳಿ ಆಕೆಗೆ ಸಾಕಾಗಿತ್ತು. ತನ್ನದೇ ಒಂದು ಸ್ಟಿಯರಿಂಗ್ ಬೇಕಿತ್ತು.

"ರೀ, ಈ ಸಲ ನೀವು ಪಕ್ಕದಲ್ಲಿ ಕೂರಬೇಡಿ. ಅಕ್ಕನ ಗಂಡನ ಸ್ಕೂಲಿಗೆ ಹೋಗ್ತೀನಿ" ಎಂದಳು.

"ಆ ಮೆಟ್ಟಿಲು ಹತ್ತಿದ್ರೆ ಇನ್ಮೇಲೆ ನನ್ನ ಮುಖ ನೋಡಬೇಡ!"

"ನಿಮ್ಮ ಮುಖ ನೋಡ್ಕೊಂಡು ಬ್ರೇಕು ಕಲಿಯೋಕಾಗುತ್ತಾ?"

ಮೇಷ್ಟ್ರು ಉತ್ತರ ಕೊಡಲಿಲ್ಲ. ಉತ್ತರ ಇರಲಿಲ್ಲ ಎಂದು ಯಾರೂ ತಿಳಿಯಬಾರದು. ಅವರು ಅದನ್ನು ತಡೆಹಿಡಿದರು.

ಅಕ್ಕನ ಗಂಡ, ಅಂದರೆ ಮೇಷ್ಟ್ರ ಷಡ್ಡಕ, ರಸ್ತೆಯ ಆಚೆ ಬದಿಯಲ್ಲಿ ಸರಿಯಾಗಿ ಇವರ ಬಾಗಿಲಿಗೆ ಎದುರಾಗಿಯೇ ಇನ್ನೊಂದು ಡ್ರೈವಿಂಗ್ ಸ್ಕೂಲು ಇಟ್ಟುಕೊಂಡಿದ್ದ. ಎರಡೂ ಸ್ಕೂಲುಗಳಲ್ಲಿ ಹೊಸಬರಿಗಾಗಿ ಒಂದೊಂದು ಕಂಪ್ಯೂಟರ್ ಯಂತ್ರ. ಕುರ್ಚಿಯ ಮುಂದೆ ಸ್ಟಿಯರಿಂಗ್, ಕೆಳಗೆ ಪೆಡಲುಗಳು, ಎದುರಿಗೆ ಪರದೆ, ಪರದೆಯ ತುಂಬ ರಸ್ತೆ. ರಸ್ತೆಗಿಳಿದು ನಿಜವಾದ ಮನುಷ್ಯರನ್ನು ಗುದ್ದುವ ಮೊದಲು ಸುಳ್ಳು ಮನುಷ್ಯರನ್ನು ಗುದ್ದಿ ಕೈ ಪಳಗಿಸಿಕೊಳ್ಳಲಿ ಎಂದು ಈ ವ್ಯವಸ್ಥೆ. ಮೇಷ್ಟ್ರಿಗೆ ಅದನ್ನು ಕಂಡರೆ ಅಷ್ಟಕ್ಕಷ್ಟೆ, ಏಕೆಂದರೆ ಅದರಲ್ಲಿ ಪಕ್ಕದ ಸೀಟೂ ಇಲ್ಲ, ಎರಡನೆಯ ಬ್ರೇಕೂ ಇಲ್ಲ.

ಹೀಗಿರುವಾಗ ಷಡ್ಡಕ ಹೊಸ ಯಂತ್ರ ತರಿಸಿದ. ತರಿಸಿದವನು ಸುಮ್ಮನೆ ತನ್ನ ಪಾಡಿಗೆ ಇರಬಾರದೇ? ಕ್ಷೌರದಂಗಡಿಗೆ ಬಂದು, ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದ ಮೇಷ್ಟ್ರ ಎದುರಿಗೇ ಬಡಾಯಿ ಶುರುಮಾಡಿದ.

"ಮೇಷ್ಟ್ರೇ, ನಿಮ್ಮ ಯಂತ್ರದಲ್ಲಿ ಕಾರು ಹೊರಡೋಷ್ಟರಲ್ಲಿ ನಮ್ಮ ಯಂತ್ರದಲ್ಲಿ ಊರು ಮುಟ್ಟಿ, ಊಟ ಮಾಡಿ, ಒಂದು ನಿದ್ದೆ ತೆಗೆದಿರ್ತಾರೆ!"

ಸರದಿಗೆ ಕಾಯುತ್ತಿದ್ದವರು ಗೊಳ್ಳೆಂದು ನಕ್ಕರು. ಕ್ಷೌರಿಕನೂ ನಕ್ಕ. ಕತ್ತಿನ ಮೇಲೆ ಕತ್ತಿ ಇರುವಾಗ ಕ್ಷೌರಿಕ ನಕ್ಕರೆ ಯಾರಿಗಾದರೂ ರೋಷ ಬರುತ್ತದೆ. ಮೇಷ್ಟ್ರು ನೊರೆಯ ಗಡ್ಡದಲ್ಲೇ ಎದ್ದು ನಿಂತರು.

"ನೋಡ್ತಾ ಇರಿ ಭಾವ! ನಾಳೆ ನನ್ನ ಯಂತ್ರ ಹಾರದಿದ್ರೆ ಕೇಳಿ!"

"ಏನು ಮಾಡ್ತೀರಿ? ರೆಕ್ಕೆ ಕಟ್ತೀರಾ?"

"ಅದನ್ನ ನಾಳೆ ನೋಡಿ" ಎಂದು ಮೇಷ್ಟ್ರು ಅರ್ಧ ಗಡ್ಡ ಉಳಿಸಿಕೊಂಡೇ ಹೊರಬಿದ್ದರು. ಏನು ಮಾಡಬೇಕೆಂಬುದು ಅವರಿಗೂ ಆಗ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಸ್ಕೂಲಿನ ಬಾಗಿಲು ಹಾಕಿ, ಫೋನಿನಲ್ಲಿ ಹುಡುಕಿ ಹುಡುಕಿ ಒಂದು ವಿಡಿಯೊ ಹಿಡಿದರು. ಕಂಪ್ಯೂಟರಿನ ಮೆಮೊರಿಗೆ ಒಂದು ವೇಗವಿದೆಯಂತೆ. ಯಂತ್ರ ಶುರುವಾಗುವಾಗ ಒಂದು ಕೀ ಒತ್ತಿ ಒಳಗಿನ ಪುಟಕ್ಕೆ ಹೋದರೆ ಆ ವೇಗವನ್ನು ನಾವೇ ಏರಿಸಬಹುದಂತೆ. ಹೆಚ್ಚು ಕಡಿಮೆಯಾದರೆ ಯಂತ್ರದೊಳಗಿನ ಗುಂಡಗಿನ ಪುಟ್ಟ ಬ್ಯಾಟರಿಯನ್ನು ತೆಗೆದು ಮತ್ತೆ ಹಾಕಿದರೆ ಎಲ್ಲ ಮೊದಲಿನಂತೆ ಆಗುತ್ತದಂತೆ. ಇಷ್ಟು ಹೇಳಿ ವಿಡಿಯೊದ ಮನುಷ್ಯ, "ಆದರೆ ಒಂದು ಮಾತು ನೆನಪಿರಲಿ" ಎಂದ. ಮೇಷ್ಟ್ರು ಅಲ್ಲಿಗೇ ವಿಡಿಯೊ ನಿಲ್ಲಿಸಿದರು. ನಿಲ್ಲಿಸುವುದರಲ್ಲಿ ಅವರದು ಎತ್ತಿದ ಕೈ.

ಒಳಗಿನ ಪುಟ ತೆರೆಯಿತು. ಮೆಮೊರಿಯ ವೇಗದ ಎದುರಿಗೆ ಅಂಕಿಗಳು ಸಾಲಾಗಿ ನಿಂತಿದ್ದವು. ಮೇಷ್ಟ್ರು ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದರು. ದೊಡ್ಡದು ಪುಕ್ಕಟೆ ಸಿಗುವಾಗ ಚಿಕ್ಕದನ್ನು ಆರಿಸುವವನು ಮೂರ್ಖ ಎಂಬುದು ಅವರ ವಾದ. ಜೀವಮಾನವಿಡೀ ಕಾರನ್ನು ಎರಡನೆಯ ಗೇರು ದಾಟಲು ಬಿಡದ ಮನುಷ್ಯ ಅಂದು ಒಂದೇ ಏಟಿಗೆ ಟಾಪ್ ಗೇರಿಗೆ ಹೋದರು. ಯಂತ್ರ ಕಪ್ಪಾಯಿತು, ಎದ್ದಿತು, ಮತ್ತೆ ಬಿತ್ತು, ಮತ್ತೆ ಎದ್ದಿತು. ಕೊನೆಗೆ ನಿಟ್ಟುಸಿರಿನಂಥ ಒಂದು ಸದ್ದು ಮಾಡಿ ಪರದೆಯ ಮೇಲೆ ರಸ್ತೆ ತೋರಿಸಿತು.

ಮರುದಿನ ಮೊದಲು ಬಂದು ಕೂತವರು ಹಲ್ಲಿನ ಡಾಕ್ಟರು. ಪರದೆಯ ಮೇಲೆ ಮುದುಕಿಯೊಬ್ಬಳು ರಸ್ತೆ ದಾಟುತ್ತಿದ್ದಳು. ಡಾಕ್ಟರು ಬ್ರೇಕ್ ಒತ್ತಿದರು. ಕಾರು ಆ ವಿಷಯವನ್ನು ಪರಿಶೀಲಿಸಿತು. ಪರಿಶೀಲಿಸಿ, ಸಮಾಲೋಚಿಸಿ, ಒಪ್ಪಿಗೆ ಕೊಟ್ಟು ನಿಲ್ಲುವಷ್ಟರಲ್ಲಿ ಮುದುಕಿಯನ್ನೂ ದಾಟಿ, ಒಂದು ಹೂವಿನ ಅಂಗಡಿಯೊಳಗೆ ಹೊಕ್ಕಿತ್ತು.

"ಮೇಷ್ಟ್ರೇ, ನಾನು ಒತ್ತಿದೆ! ನೀವೇ ನೋಡಿದ್ರಲ್ಲ, ಒತ್ತಿದೆ!"

"ಒತ್ತಿದ್ರಿ. ಆದ್ರೆ ಮನಸ್ಸಿಟ್ಟು ಒತ್ತಲಿಲ್ಲ" ಎಂದರು ಮೇಷ್ಟ್ರು.

ಡಾಕ್ಟರನ್ನು ಸಾಗಹಾಕಿ ತಾವೇ ಕೂತು ನೋಡಿದರು. ಎಡಕ್ಕೆ ತಿರುಗಿಸಿದರೆ ಕಾರು ಸ್ವಲ್ಪ ಹೊತ್ತು ನೇರವಾಗಿ ಹೋಗಿ, ಆಮೇಲೆ ನೆನಪಿಸಿಕೊಂಡು ಎಡಕ್ಕೆ ತಿರುಗುತ್ತಿತ್ತು. ಅಷ್ಟರಲ್ಲಿ ಹೊರಗೆ ಹೋದ ಡಾಕ್ಟರು ಫೋನು ಮಾಡಿ ಕಂಪ್ಯೂಟರ್ ವೈದ್ಯನನ್ನು ಕರೆಸಿಯೇ ಬಿಟ್ಟಿದ್ದರು.

ಈ ಕಂಪ್ಯೂಟರ್ ವೈದ್ಯ ಬೀದಿಯ ರಿಪೇರಿ ಅಂಗಡಿಯವನು. ಯಂತ್ರದ ನಾಡಿ ನೋಡುವ ಮೊದಲೇ ಕಾಯಿಲೆ ಹೇಳಿಬಿಡುವ ಧೈರ್ಯಶಾಲಿ.

"ವೈರಸ್" ಎಂದ ಬಾಗಿಲಲ್ಲೇ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, "ಸೆಟಿಂಗ್ಸ್ ಏನಾದ್ರೂ ಮುಟ್ಟಿದ್ರಾ?" ಎಂದು ಕೇಳಿದ.

"ನಾನ್ಯಾಕಯ್ಯಾ ಮುಟ್ಟಲಿ? ನನಗೆ ಮಾಡೋಕೆ ಬೇರೆ ಕೆಲಸ ಇಲ್ವಾ?"

ಒಂದು ಸುಳ್ಳು. ಅದರ ಬೆನ್ನಿಗೆ ಎಷ್ಟು ಕೆಲಸ ಬಿತ್ತು ನೋಡಿ. ವೈದ್ಯ ವೈರಸ್ ಹುಡುಕಿದ, ಸಿಗಲಿಲ್ಲ. "ಹಾಗಾದ್ರೆ ಧೂಳು" ಎಂದು ಯಂತ್ರದ ಹೊಟ್ಟೆ ಬಿಚ್ಚಿ ಗಾಳಿ ಊದಿದ. ಧೂಳೆಲ್ಲ ಮೇಷ್ಟ್ರ ಮುಖಕ್ಕೆ ಬಂತು, ವೇಗ ಬರಲಿಲ್ಲ. "ಬಿಸಿ" ಎಂದು ಫ್ಯಾನ್ ಬದಲಾಯಿಸಿದ. "ಕರೆಂಟು ಸರಿಯಿಲ್ಲ" ಎಂದು ಪಕ್ಕದ ಕ್ಷೌರದಂಗಡಿಯ ಪ್ಲಗ್ಗಿನಿಂದ ವೈರು ಎಳೆದು ನೋಡಿದ. ಅಲ್ಲಿ ಒಬ್ಬರ ತಲೆಗೂದಲು ಒಣಗಿಸುತ್ತಿದ್ದ ಯಂತ್ರ ನಿಂತು ಜಗಳವಾಯಿತು. ಇದ್ದಬದ್ದ ಪ್ರೋಗ್ರಾಮುಗಳನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದ. ಪರದೆಯ ಮೇಲಿನ ಕಾರು ಯಾವುದಕ್ಕೂ ಜಗ್ಗದೆ ಮುದುಕಿಯ ಮೇಲೆ ಹತ್ತಿತು.

ಕೊನೆಗೆ ಅವನು ಮೆಮೊರಿಯ ಪಟ್ಟಿಯನ್ನೇ ಕಿತ್ತು, ಜೇಬಿನಿಂದ ಪೆನ್ಸಿಲ್ ಅಳಿಸುವ ರಬ್ಬರ್ ತೆಗೆದು ಅದರ ಅಂಚನ್ನು ಉಜ್ಜತೊಡಗಿದ. ಮೇಷ್ಟ್ರು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದರು. ವೈದ್ಯ ಕಳ್ಳನ ಕೋಣೆಯ ಬಾಗಿಲಿಗೇ ಬಂದು ಕೂತಿದ್ದಾನೆ!

"ಎಲ್ಲಕ್ಕೂ ಒಂದೇ ಮದ್ದು ಇದೆ ಮೇಷ್ಟ್ರೇ" ಎಂದು ವೈದ್ಯ ಸ್ಕ್ರೂಡ್ರೈವರ್ ಎತ್ತಿದ. "ಈ ಗುಂಡು ಬ್ಯಾಟರಿ ತೆಗೆದು ಹಾಕ್ತೀನಿ. ಯಾರೋ ಏನೋ ಮುಟ್ಟಿದ್ರೆ ಅದೂ ಗೊತ್ತಾಗುತ್ತೆ."

"ಬ್ಯಾಟರಿಗೆ ಕೈ ಹಚ್ಚಿದ್ರೆ ಜೋಕೆ!"

ವೈದ್ಯನ ಕೈ ಗಾಳಿಯಲ್ಲೇ ನಿಂತಿತು. "ಯಾಕೆ?"

"ಯಾಕೆ ಅಂದ್ರೆ... ಅದು ನಮ್ಮ ತಂದೆ ಕಾಲದ್ದು."

"ಯಂತ್ರ ತಂದೇ ಎರಡು ವರ್ಷ ಆಗಿಲ್ವಲ್ಲ ಮೇಷ್ಟ್ರೇ?"

"ನಮ್ಮ ತಂದೆ ವಿಷಯ ನಿನಗೇನಯ್ಯಾ ಗೊತ್ತು? ಹೊರಡು!"

ವೈದ್ಯ ಯಂತ್ರದ ಹೊಟ್ಟೆ ಮುಚ್ಚಿ, ಬಾಗಿಲ ಹಿಂದೆ ಅಡಗಿದ್ದ ಚಪ್ಪಲಿ ಹುಡುಕಿಕೊಂಡು ಹೊರಟ. ಬಾಗಿಲಲ್ಲಿ ನಿಂತು, "ಇದು ಮೇಲಿನವರ ತಪ್ಪು. ಕಂಪನಿಯೋರೇ ಹೀಗೆ ಮಾಡಿದ್ದಾರೆ" ಎಂದು ಅಂತಿಮ ತೀರ್ಪು ಕೊಟ್ಟ. ಮೇಷ್ಟ್ರು ತಲೆಯಾಡಿಸಿದರು.

ಎಲ್ಲರೂ ಹೋದ ಮೇಲೆ ಗುಟ್ಟಾಗಿ ವೇಗವನ್ನು ಇಳಿಸಿಬಿಡೋಣ ಎಂದು ಮೇಷ್ಟ್ರು ಯಂತ್ರ ಆರಿಸಿ ಮತ್ತೆ ಹಾಕಿ, ಆ ಕೀ ಮೇಲೆ ಬೆರಳಿಟ್ಟರು. ಅಷ್ಟರಲ್ಲಿ ಬಾಗಿಲಲ್ಲಿ ನಗು ಕೇಳಿಸಿತು. ಷಡ್ಡಕ! ಅವನ ಹಿಂದೆ ಕ್ಷೌರಿಕ, ಅವನ ಹಿಂದೆ ಗಡ್ಡಕ್ಕೆ ನೊರೆ ಹಚ್ಚಿಕೊಂಡವರು, ಹಚ್ಚಿಕೊಳ್ಳಬೇಕಾದವರು.

"ಎಲ್ಲಿ ಮೇಷ್ಟ್ರೇ, ಹಾರುತ್ತೆ ಅಂದ್ರಲ್ಲ? ಹಾರಿಸಿ ನೋಡೋಣ." ಷಡ್ಡಕ ತಾನೇ ಕುರ್ಚಿಯಲ್ಲಿ ಕೂತು ಹೊರಟ. ಒಂದು ಲೈಟು ಕಂಬ, ಮುದುಕಿ, ಹೂವಿನ ಅಂಗಡಿ. ಅವನು ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. "ಅಯ್ಯೋ! ಇದು ಯಂತ್ರಾನಾ, ಸರ್ಕಾರಿ ಆಫೀಸಾ? ಅರ್ಜಿ ಹಾಕಿದ ಮೇಲೆ ಬ್ರೇಕ್ ಬೀಳುತ್ತಲ್ಲ!"

ಈಗ ಯಾವ ಮನುಷ್ಯನಾದರೂ ತಪ್ಪೊಪ್ಪಿಕೊಳ್ಳುತ್ತಿದ್ದ. ಮೇಷ್ಟ್ರು ಅಂಥ ಮನುಷ್ಯರಲ್ಲ. ಅವರು ಎದೆ ಸೆಟೆಸಿ, ಗಲ್ಲ ಮೇಲೆತ್ತಿದರು.

"ನಗಿ ಭಾವ, ಚೆನ್ನಾಗಿ ನಗಿ. ಇದು ಬೇಕಂತಲೇ ಹೀಗೆ ಮಾಡಿಸಿರೋದು."

"ಬೇಕಂತಲೇ?"

"ನಿಮ್ಮ ಯಂತ್ರ ಏನು ಕಲಿಸುತ್ತೆ? ಆಪತ್ತು ಬಂದ ಮೇಲೆ ಒತ್ತೋದನ್ನ. ಅದನ್ನ ಕತ್ತೆಗೂ ಕಲಿಸಬಹುದು. ನನ್ನ ಯಂತ್ರ ಬರೋ ಮುಂಚೆನೇ ಒತ್ತೋದನ್ನ ಕಲಿಸುತ್ತೆ. ಇದರ ಹೆಸರು ಮುಂದಾಲೋಚನೆ ಯಂತ್ರ!"

ಹೆಸರು ಅವರ ಬಾಯಿಂದ ಎಲ್ಲಿಂದ ಬಂತೋ ಅವರಿಗೇ ಗೊತ್ತಿಲ್ಲ. ಆದರೆ ಬಂದ ಮೇಲೆ ಅದು ವಾಪಸು ಹೋಗುವಂತಿರಲಿಲ್ಲ. ನೊರೆ ಹಚ್ಚಿಕೊಂಡಿದ್ದ ಒಬ್ಬರು ಗಂಭೀರವಾಗಿ, "ಮಾತಲ್ಲಿ ತಿರುಳಿದೆ" ಎಂದರು. ಷಡ್ಡಕನ ನಗು ಅರ್ಧಕ್ಕೆ ನಿಂತಿತು. ಮೇಷ್ಟ್ರ ಬೆರಳು ಆ ಕೀ ಮೇಲಿಂದ ಈಚೆ ಬಂತು. ಇನ್ನು ಆ ವೇಗವನ್ನು ಇಳಿಸುವುದೂ ಷಡ್ಡಕನ ಕಾಲಿಗೆ ಬೀಳುವುದೂ ಒಂದೇ.

ಮರುದಿನವೇ ಬಾಗಿಲ ಮೇಲೆ ಬೋರ್ಡು ಬಂತು: 'ಇಲ್ಲಿ ಮುಂದಾಲೋಚನೆ ಕಲಿಸಲಾಗುವುದು.' ಶಿಷ್ಯರು ಗೊಣಗಿದರು, ಗುದ್ದಿದರು, ಮುದುಕಿಯ ಕ್ಷಮೆ ಕೇಳಿದರು. ಆದರೆ ಮನುಷ್ಯ ಯಾವುದಕ್ಕಾದರೂ ಒಗ್ಗಿಹೋಗುತ್ತಾನೆ. ಸ್ವಲ್ಪ ದಿನದಲ್ಲಿ ಹಲ್ಲಿನ ಡಾಕ್ಟರು ಮುದುಕಿ ಇನ್ನೂ ಫುಟ್‌ಪಾತಿನ ಮೇಲೆ ಚೀಲ ಸರಿಮಾಡಿಕೊಳ್ಳುತ್ತಿರುವಾಗಲೇ ಬ್ರೇಕ್ ಒತ್ತತೊಡಗಿದರು. ಕಾರು ಎಂದಿನಂತೆ ಪರಿಶೀಲಿಸಿ, ಸಮಾಲೋಚಿಸಿ, ಸರಿಯಾಗಿ ಮುದುಕಿಯ ಮುಂದೆ ಬಂದು ನಿಂತಿತು. ಡಾಕ್ಟರು ಕುರ್ಚಿಯಿಂದ ಎದ್ದು ಕುಣಿದರು.

ರಸ್ತೆಗೆ ಇಳಿದರೆ ಅಲ್ಲಿಯೂ ಅದೇ ಅಭ್ಯಾಸ. ಮೇಷ್ಟ್ರ ಶಿಷ್ಯರು ದೂರದಲ್ಲಿ ಚೆಂಡು ಕಂಡರೆ ನಿಲ್ಲಿಸುತ್ತಿದ್ದರು, ಚೆಂಡಿನ ಹಿಂದೆ ಮಗು ಬರುವುದು ಖಾತ್ರಿ ಎಂದು. ಬಸ್ಸಿನ ಬಾಗಿಲಲ್ಲಿ ಚೀಲ ಕಂಡರೆ ನಿಲ್ಲಿಸುತ್ತಿದ್ದರು. ಕ್ಷೌರಿಕ ಬೀದಿಗೆಲ್ಲ ಹೇಳಿಕೊಂಡು ಬಂದ: "ನಾನು ರಸ್ತೆ ದಾಟಬೇಕು ಅಂತ ಮನಸ್ಸಲ್ಲಿ ಅಂದ್ಕೊಂಡೆ ಅಷ್ಟೇ ಕಣ್ರೀ. ಮೇಷ್ಟ್ರ ಕಾರು ನಿಂತೇಬಿಡ್ತು!" ಬೇಕರಿಯಮ್ಮ ಕೂಡ, "ಪರವಾಗಿಲ್ವೇ" ಎಂದಳಂತೆ. ಆಕೆಯ ಮಟ್ಟಿಗೆ ಅದು ಭಾಷಣ.

ಮಕ್ಕಳ ತಾಯಂದಿರು ಸಾಲುಗಟ್ಟಿದರು. ಷಡ್ಡಕನ ಸ್ಕೂಲಿನಿಂದ ಕೆಲವರು ಈಚೆ ದಡಕ್ಕೆ ಬಂದರು. ಮೇಷ್ಟ್ರಿಗೀಗ ಕಾರಿನಲ್ಲಿ ಕೂರಲು ಪುರುಸೊತ್ತಿಲ್ಲ. ಮುಂದಿನ ಕೋಣೆಯಲ್ಲಿ ನಿಂತು ಮುಂದಾಲೋಚನೆಯ ಮೇಲೆ ಉಪನ್ಯಾಸ. "ಬ್ರೇಕು ಇರೋದು ಕಾಲಲ್ಲಲ್ಲ, ತಲೆಯಲ್ಲಿ!" ಜನ ಇದನ್ನು ಬರೆದುಕೊಂಡರು. ತಮ್ಮ ತಲೆಯಲ್ಲಿ ಮೆಮೊರಿಯ ವೇಗದ ಪುಟ ಕುಣಿಯುತ್ತಿರುವಾಗ ಮೇಷ್ಟ್ರು ಹೇಗೆ ಅಷ್ಟು ಗಟ್ಟಿಯಾಗಿ ಮಾತಾಡಿದರೋ, ಅದೂ ಒಂದು ವಿದ್ಯೆ.

ಈ ಗದ್ದಲದಲ್ಲಿ ಹೆಂಡತಿಯ ಕಡೆ ಅವರ ಗಮನವಿರಲಿಲ್ಲ. ಅವರ ಉಪನ್ಯಾಸದ ಹೊತ್ತಿನಲ್ಲಿ ಆಕೆ ದಿನವೂ ಯಂತ್ರದ ಮುಂದೆ ಒಬ್ಬಳೇ ಕೂರುತ್ತಿದ್ದಳು. ಆಮೇಲೆ ಹಲ್ಲಿನ ಡಾಕ್ಟರ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ತೆಗೆಯುತ್ತಿದ್ದಳು. ಆಯಮ್ಮನಿಗೆ ಲೈಸೆನ್ಸ್ ಇತ್ತು, ಕಾಲಿನ ಚಪಲ ಇರಲಿಲ್ಲ.

ಷಡ್ಡಕ ಎಷ್ಟು ದಿನ ಸಹಿಸಿಯಾನು? ಹೊಟ್ಟೆಯುರಿ ತಾಳಲಾರದೆ ಲೈಸೆನ್ಸ್ ಕಚೇರಿಗೆ ದೂರು ಕೊಟ್ಟ. ಒಂದು ಬೆಳಿಗ್ಗೆ ಸಾಕ್ಷಾತ್ ಇನ್ಸ್‌ಪೆಕ್ಟರ್ ಸಾಹೇಬರೇ ಮೇಷ್ಟ್ರ ಸ್ಕೂಲಿಗೆ ಬಂದಿಳಿದರು. ಭಾರೀ ಆಳು, ಭಾರೀ ಮೀಸೆ. ಮೇಷ್ಟ್ರ ಹೆಂಡತಿಯನ್ನು ಪ್ರತಿ ಸಲವೂ ಫೇಲು ಮಾಡಿದವರು ಇವರೇ. ಅವರ ಹಿಂದೆ ಷಡ್ಡಕ ಸಾಧು ಮುಖ ಹೊತ್ತು ನಿಂತಿದ್ದ.

"ಯಾವುದ್ರೀ ಅದು, ಮುಂದಾಲೋಚನೆ?" ಎಂದು ಸಾಹೇಬರು ಕುರ್ಚಿಯಲ್ಲಿ ಕೂತರು. ಕುರ್ಚಿ ಕಿರುಗುಟ್ಟಿತು. "ಕಾರು ಓಡಿಸ್ತಾ ತಲೆ ನರೆತಿದೆ ನನಗೆ. ನನಗೆ ಕಲಿಸುತ್ತಾ ಇದು?"

ಕಲಿಸಿತು. ಮುದುಕಿ, ಹೂವಿನ ಅಂಗಡಿ, ಲೈಟು ಕಂಬ, ಅದರಾಚೆ ಅದುವರೆಗೂ ಯಾವ ಶಿಷ್ಯನೂ ಮುಟ್ಟಿರದ ಒಂದು ಕೊಳ. ಸಾಹೇಬರ ಕಾರು ಕೊಳದಲ್ಲಿ ಮುಳುಗಿತು. ಬಾಗಿಲ ಹತ್ತಿರ ಕ್ಷೌರಿಕ ಕೆಮ್ಮುವವನಂತೆ ಮುಖ ತಿರುಗಿಸಿದ.

"ಯಂತ್ರ ಕೆಟ್ಟಿದೆ!" ಸಾಹೇಬರು ಗುಡುಗಿದರು.

"ಯಂತ್ರ ಸರಿಯಾಗೇ ಇದೆ ಸಾರ್. ತಡ ಆಗಿದ್ದು ನಿಮ್ಮದು."

ಮೇಷ್ಟ್ರ ಬಾಯಿಂದ ಇದು ಬಂದದ್ದೇ ತಡ, ಅವರ ಹೆಂಡತಿ ಹಣೆ ಚಚ್ಚಿಕೊಂಡಳು. ಸಾಹೇಬರ ಮೀಸೆಯ ಎರಡೂ ತುದಿ ನಡುಗಿದವು.

"ಹೌದಾ? ಸರಿ. ನಾಳೆ ನಿಮ್ಮ ಶಿಷ್ಯರಲ್ಲಿ ಯಾರದು ಪರೀಕ್ಷೆ ಇದೆ?"

ಮೇಷ್ಟ್ರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು.

"ನಂದು" ಎಂದಳು ಅವರ ಹೆಂಡತಿ.

ಸಾಹೇಬರು ಆಕೆಯನ್ನು ಗುರುತಿಸಿದರು. ಮುಖದಲ್ಲಿ ಸಂತೋಷ ಹರಡಿತು. "ಓಹೋ, ನೀವಾ! ಬನ್ನಿ ಬನ್ನಿ. ನಾಳೆ ನೀವು ಪಾಸಾದ್ರೆ ಸ್ಕೂಲು ಉಳಿಯುತ್ತೆ. ಆಗಲಿಲ್ಲವೋ, ಈ ಬೋರ್ಡಿನ ಜೊತೆಗೆ ಬಾಗಿಲೂ ಬಂದ್."

ಅವರು ಹೋದ ಮೇಲೆ ಮೇಷ್ಟ್ರು ಹೆಂಡತಿಯ ಹತ್ತಿರ ಬಂದರು. ಎದೆ ಇನ್ನೂ ಸೆಟೆದೇ ಇತ್ತು, ದನಿ ಮಾತ್ರ ಸ್ವಲ್ಪ ಕುಸಿದಿತ್ತು. "ಸಂಜೆ ಒಂದು ಸುತ್ತು ಹೋಗೋಣ. ನಾನು ಪಕ್ಕದಲ್ಲಿ ಕೂತ್ಕೋತೀನಿ."

"ದಮ್ಮಯ್ಯ, ನೀವು ಬರಬೇಡಿ" ಎಂದಳು ಆಕೆ. "ನಾಳೆ ಹೋದ್ರೆ ನಿಮ್ಮ ಸ್ಕೂಲು ಒಂದೇ ಅಲ್ಲ, ನನ್ನ ವ್ಯಾನೂ ಹೋಗುತ್ತೆ. ನಾಡಿದ್ದಿಗೆ ತಿಂಗಳು ಮುಗೀತು."

ಪರೀಕ್ಷೆಯ ಮೈದಾನಕ್ಕೆ ಬೀದಿಗೆ ಬೀದಿಯೇ ಬಂದಿತ್ತು. ಕ್ಷೌರಿಕ ಅಂಗಡಿ ಮುಚ್ಚಿ ಬಂದಿದ್ದ. ಕಾರಿನಲ್ಲಿ ಮೇಷ್ಟ್ರ ಹೆಂಡತಿ, ಆಕೆಯ ಪಕ್ಕದಲ್ಲಿ ಸಾಹೇಬರು. ಮೇಷ್ಟ್ರಿಗೆ ಬೇಲಿಯ ಆಚೆ ಜಾಗ. ಪಕ್ಕದಲ್ಲೇ ಬಂದು ನಿಂತ ಷಡ್ಡಕ ಮೆಲ್ಲಗೆ, "ಬೋರ್ಡು ಯಾರಿಗಾದ್ರೂ ಮಾರೋದಿದ್ರೆ ಹೇಳಿ" ಎಂದ.

"ಭಾವ, ನೀವು ಬಾಯಿ ಮುಚ್ಚಿಕೊಂಡು ನೋಡಿ" ಎಂದರು ಮೇಷ್ಟ್ರು. ಬೇಲಿಯ ತಂತಿಯನ್ನು ಎರಡು ಕೈಯಿಂದ ಹಿಡಿದಿದ್ದರು.

ಕಾರು ಹೊರಟಿತು. ತಿರುವು, ಏರು, ಹಿಮ್ಮುಖ, ಎಲ್ಲ ಮುಗಿಯಿತು. ಉಳಿದದ್ದು ಒಂದೇ, ಆಕೆ ಪ್ರತಿ ಸಲವೂ ಎಡವುತ್ತಿದ್ದ ಜಾಗ. ಸಾಹೇಬರು ಇದ್ದಕ್ಕಿದ್ದಂತೆ ಮುಂದಿನ ಹಲಗೆಗೆ ಕೈ ಬಡಿದು 'ನಿಲ್ಲಿಸಿ' ಎನ್ನಬೇಕು, ಕಾರು ಆ ಕ್ಷಣ ನಿಲ್ಲಬೇಕು. ಸಾಹೇಬರು ಜಾಣತನ ಮಾಡಿದರು. ಮಾಮೂಲಿ ಜಾಗದಲ್ಲಿ ಸುಮ್ಮನಿದ್ದು, ಕಿಟಕಿಯಾಚೆ ನೋಡುತ್ತಾ ಆಕಳಿಸಿ, ಯಾರೂ ನಿರೀಕ್ಷಿಸದ ಕಡೆ ಕೈ ಎತ್ತಿದರು.

ಕಾರು ನಿಂತಿತು. ಸಾಹೇಬರ ಕೈ ಇನ್ನೂ ಗಾಳಿಯಲ್ಲೇ ಇತ್ತು.

"ನಾನಿನ್ನೂ ಹೇಳೇ ಇಲ್ವಲ್ರೀ!"

"ಹೇಳೋರಿದ್ರಿ ಸಾರ್. ಆಕಳಿಸೋವಾಗ ನಿಮ್ಮ ಭುಜ ಮೇಲೆದ್ತು."

ಸಾಹೇಬರು ಮತ್ತೆ ಹೊರಡಿಸಿದರು. ಈ ಸಲ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡರು. ಸುಮ್ಮನೆ ಬಾಯಿ ತೆರೆದರು. ಕಾರು ನಿಂತಿತು. ಇನ್ನೊಂದು ಸಲ ಬಾಯಿಯನ್ನೂ ತೆರೆಯಲಿಲ್ಲ, ಮನಸ್ಸಿನಲ್ಲಿ ಅಂದುಕೊಂಡರು. ಕಾರು ನಿಂತಿತು, ಏಕೆಂದರೆ ಅಲ್ಲಿ ಮೈದಾನ ಮುಗಿದಿತ್ತು. ಸಾಹೇಬರಿಗೆ ಅದು ಹೊಳೆಯಲಿಲ್ಲ. ಅವರು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡು ಇಳಿದರು.

"ಪಾಸು" ಎಂದರು, ಹಲ್ಲು ಕೀಳಿಸಿಕೊಂಡವರ ದನಿಯಲ್ಲಿ. "ಒಂದು ಮಾತು ಕೇಳ್ತೀನಿ. ಯಾರಮ್ಮಾ ಕಲಿಸಿದ್ದು ನಿಮಗೆ?"

ಬೇಲಿ ಹಾರಿ ಬಂದಿದ್ದ ಮೇಷ್ಟ್ರು ಕಾಲರ್ ಸರಿಮಾಡಿಕೊಂಡರು.

"ಯಾರೂ ಇಲ್ಲ ಸಾರ್" ಎಂದಳು ಆಕೆ. "ಇವರು ಯಾರಿಗೂ ಹೇಳದೆ ಯಂತ್ರದ ಮೆಮೊರಿ ವೇಗ ಏರಿಸಿ ಕೆಡಿಸಿದ್ರು. ಕೆಡಿಸಿದ್ದು ನಾನಲ್ಲ ಅಂತ ಹಟ ಹಿಡಿದ್ರು. ಆ ಕೆಟ್ಟ ಯಂತ್ರದ ಮುಂದೆ ಕೂತು ನಾನೇ ಕಲಿತ್ಕೊಂಡೆ."

ಷಡ್ಡಕ ಬಾಯಿ ಬಿಟ್ಟ. ಕಂಪ್ಯೂಟರ್ ವೈದ್ಯ ಗುಂಪಿನಿಂದ, "ನಾನು ಆವತ್ತೇ ಹೇಳಿರಲಿಲ್ವಾ, ಸೆಟಿಂಗ್ಸ್ ಅಂತ!" ಎಂದು ಕೂಗಿದ. ಮೇಷ್ಟ್ರ ಮುಖ ಕೆಂಪಾಗಿ, ಬಿಳಿಚಿ, ಮತ್ತೆ ಕೆಂಪಾಯಿತು.

"ನಿನಗೆ... ನಿನಗೆ ಮೊದಲಿಂದ ಗೊತ್ತಿತ್ತಾ?"

"ಒಳಕೋಣೆಯಲ್ಲಿ ಕಸ ಗುಡಿಸ್ತಿದ್ದೆ. ನೀವು ಅರ್ಧಕ್ಕೆ ನಿಲ್ಲಿಸಿದ ಆ ವಿಡಿಯೊನ ನಾನು ಪೂರ್ತಿ ನೋಡಿದೆ. ಎಲ್ಲ ಮೆಮೊರಿಗೂ ಆ ವೇಗ ಒಗ್ಗಲ್ಲ, ಒಗ್ಗದಿದ್ರೆ ಯಂತ್ರ ತಡವರಿಸುತ್ತೆ, ಅದನ್ನ ಇಳಿಸಿಬಿಡಿ ಅಂತ ಇತ್ತು ಕೊನೆಯಲ್ಲಿ."

"ಹಾಗಿದ್ರೆ ಯಾಕೆ ಹೇಳಲಿಲ್ಲ?"

ಆಕೆ ಕೀಲಿಯನ್ನು ಕೈಯಲ್ಲಿ ತಿರುಗಿಸಿದಳು. "ಹೇಳಿದ್ರೆ ನೀವು ಸರಿ ಮಾಡ್ತಿದ್ರಿ. ಸರಿ ಮಾಡಿದ್ರೆ ನಿಮಗೆ ಬಿಡುವಾಗ್ತಿತ್ತು. ಬಿಡುವಾಗಿದ್ರೆ ನನ್ನ ಪಕ್ಕದಲ್ಲಿ ಬಂದು ಕೂತ್ಕೋತಿದ್ರಿ."

ಗುಂಪಿನಲ್ಲಿ ಯಾರೂ ನಗಲಿಲ್ಲ. ಇಷ್ಟು ವರ್ಷ ಹೆಂಡತಿಗೆ ಪೆಟ್ಟಾಗಬಾರದೆಂದು ಒತ್ತಿದ್ದ ಬ್ರೇಕುಗಳೆಲ್ಲ ಆಕೆಯ ಮೇಲೇ ಬಿದ್ದಿದ್ದವು ಎಂದು ಆ ಕ್ಷಣ ಮೇಷ್ಟ್ರಿಗೆ ಅರ್ಥವಾಯಿತು. ಅರ್ಥವಾದದ್ದನ್ನು ಎಲ್ಲರೆದುರು ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ.

"ಏನೇ ಹೇಳು" ಎಂದರು ಗಲ್ಲ ಎತ್ತಿ, "ನಾನು ಕೆಡಿಸದಿದ್ರೆ ನೀನು ಕಲೀತಿದ್ಯಾ?"

"ಇಲ್ಲ" ಎಂದಳು ಆಕೆ, ಮೊದಲ ಸಲ ನಕ್ಕು. ಸಾಹೇಬರು, ಯಂತ್ರವನ್ನು ಕೂಡಲೇ ಸರಿಮಾಡಿಸದಿದ್ದರೆ ಬಾಗಿಲಿಗೆ ಬೀಗವೆಂದು ಎಚ್ಚರಿಸಿ, ಕೊಳದ ವಿಷಯ ಹೊರಗೆ ಹೋಗಬಾರದೆಂದು ಮೆಲ್ಲಗೆ ಸೇರಿಸಿ ಹೊರಟುಹೋದರು. ಕಂಪ್ಯೂಟರ್ ವೈದ್ಯ ಅಂದೇ ಆ ಗುಂಡು ಬ್ಯಾಟರಿ ತೆಗೆದು ಹಾಕಿದ. ಯಂತ್ರ ಚುರುಕಾಯಿತು. ಸಂಜೆಗೆ ಹಲ್ಲಿನ ಡಾಕ್ಟರು ಬಂದು, ಯಂತ್ರ ಕೆಟ್ಟಿದೆ, ಮುದುಕಿ ಕಣ್ಣಿಗೂ ಕಾಣದಷ್ಟು ದೂರದಲ್ಲೇ ಕಾರು ನಿಲ್ಲುತ್ತಿದೆ ಎಂದು ದೂರಿದರು.

ಬೇಕರಿಯಮ್ಮ ಲೈಸೆನ್ಸನ್ನು ಬೆಳಕಿಗೆ ಹಿಡಿದು ನೋಡಿದಳು. ಕೀಲಿ ಕೊಟ್ಟಳು.

ಮರುದಿನ ಬೆಳಿಗ್ಗೆ ವ್ಯಾನಿಗೆ ಬ್ರೆಡ್ಡಿನ ಟ್ರೇಗಳು ಏರಿದವು. ಬೀದಿಯ ತುಂಬ ಬಿಸಿ ಬ್ರೆಡ್ಡಿನ ವಾಸನೆ. ಮೇಷ್ಟ್ರು ಕೈ ಕಟ್ಟಿಕೊಂಡು ಒಂದು ಕಡೆ ನಿಂತಿದ್ದರು. ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಿ ಸರಿಮಾಡಿಕೊಂಡು, ಪಕ್ಕದ ಬಾಗಿಲನ್ನು ಒಳಗಿನಿಂದ ತೆರೆದಳು.

"ಬರೋದಿದ್ರೆ ಬನ್ನಿ. ಆದ್ರೆ ಇದರಲ್ಲಿ ಆ ಕಡೆ ಬ್ರೇಕಿಲ್ಲ."

"ಇಲ್ಲದಿದ್ರೆ ಬೇಡ. ನಾನೇನು ಹೆದರ್ತೀನಾ?" ಎಂದು ಮೇಷ್ಟ್ರು ಹತ್ತಿ ಕೂತರು. ಒಂದು ಟ್ರೇಯನ್ನು ತೊಡೆಯ ಮೇಲೆ ಇಟ್ಟುಕೊಂಡರು, ಹಿಡಿದುಕೊಳ್ಳಲು ಏನಾದರೂ ಬೇಕಲ್ಲ.

ವ್ಯಾನು ಹೊರಟಿತು. ನಾಲ್ಕು ರಸ್ತೆ ಸೇರುವಲ್ಲಿ ಶಾಲೆಗೆ ಹೋಗುವ ಮಕ್ಕಳು ಇನ್ನೂ ಗೇಟಿನಲ್ಲಿರುವಾಗಲೇ ಆಕೆ ಮೆತ್ತಗೆ ನಿಲ್ಲಿಸಿದಳು. ತಕ್ಷಣ ಹಿಂದಿನಿಂದ ಹಾರ್ನು, ಮೇಲಿಂದ ಮೇಲೆ. ಮೇಷ್ಟ್ರು ತಿರುಗಿ ನೋಡಿದರು. ಷಡ್ಡಕನ ಕಾರು. ಅವರು ಬ್ರೆಡ್ಡಿನ ಟ್ರೇಯನ್ನು ಎದೆಗವಚಿಕೊಂಡೇ ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ, ನಾಲ್ಕೂ ರಸ್ತೆಗೆ ಕೇಳುವಂತೆ ಕೂಗಿದರು:

"ಏನ್ರೀ ಅವಸರ? ಕಾಯ್ರೀ ಭಾವ! ಓಡಿಸ್ತಾ ಇರೋದು ನನ್ನ ಹೆಂಡ್ತಿ!"